ಕೆಚ್ಚಲು ಕಟ್ಟುವ ಕಾಲದಲ್ಲಿ ಕರುವಿಗೆ ಹಾಲಿಲ್ಲ

ಹೈನುಗಾರಿಕೆಯಲ್ಲಿ ಈಗ ಎಲ್ಲರ ಬಾಯಲ್ಲೂ ಲಿಂಗ ನಿರ್ಧಾರಿತ ವೀರ್ಯದ ಮಾತು. ಈ ಇಂಜೆಕ್ಷನ್ ಕೊಡಿಸಿದರೆ ನೂರಕ್ಕೆ ತೊಂಬತ್ತರಷ್ಟು ಹೆಣ್ಣುಗರುವೇ ಹುಟ್ಟುತ್ತದೆ. ರಾಷ್ಟ್ರೀಯ ಗೋಕುಲ್ ಮಿಷನ್ ಅಡಿ ಸಹಾಯಧನವೂ ಇದೆ. 2024ರ ಅಕ್ಟೋಬರಿನಲ್ಲಿ ದೇಶದಲ್ಲೇ ತಯಾರಾದ ತಂತ್ರಜ್ಞಾನವನ್ನು ಪ್ರಧಾನಿ ಬಿಡುಗಡೆ ಮಾಡಿದರು. ಹೊರದೇಶದ ಯಂತ್ರಗಳನ್ನು ನೆಚ್ಚಿಕೊಳ್ಳುವುದು ಕಡಿಮೆಯಾದರೆ ವೀರ್ಯ ನಳಿಕೆಯ ಬೆಲೆ ಇಳಿಯುತ್ತದೆ ಎಂಬ ಲೆಕ್ಕ ಅದರ ಹಿಂದಿದೆ.

ಸರಿ, ಹೆಣ್ಣುಗರು ಹುಟ್ಟಿತು. ಆಮೇಲೆ? ತಾಯಿಯ ಹಾಲು ಬೆಳಗ್ಗೆ ಸಂಜೆ ಡೇರಿಗೆ ಹೋಗುತ್ತದೆ. ಕರುವಿಗೆ ಸಿಗುವುದು ಕರೆದು ಉಳಿದದ್ದು. ಕೆಲವರು ಒಂದು ಮೊಲೆ ಬಿಡುತ್ತಾರೆ, ಕೆಲವರು ಬಕೆಟ್ಟಿನಲ್ಲಿ ಒಂದೆರಡು ಲೀಟರ್ ಕುಡಿಸುತ್ತಾರೆ. ತಿಂಗಳು ಕಳೆದರೆ ಅದೂ ಕಡಿಮೆ. ಸ್ವಲ್ಪ ದೊಡ್ಡದಾಗಿ ಕಡಸಾದ ಮೇಲೆ ಒಣಹುಲ್ಲು, ಮಿಕ್ಕ ಮೇವು. ಹಿಂಡಿ, ಬೂಸಾ ಎಲ್ಲ ಕರೆಯುವ ಹಸುವಿಗೆ. ಹಾಲು ಕೊಡದ ಪ್ರಾಣಿಗೆ ಯಾಕೆ ಖರ್ಚು ಎಂಬ ಈ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಇದಕ್ಕೆ ರೈತರಿಗೆ ಬುದ್ಧಿ ಹೇಳುವ ಲೇಖನಗಳು ಬೇಕಾದಷ್ಟಿವೆ. ನನಗೆ ಅನ್ನಿಸುವುದು ಬೇರೆ: ಹೀಗೆ ಲೆಕ್ಕ ಹಾಕಿಸುತ್ತಿರುವುದು ನಾವು ಹಾಲಿಗೆ ದುಡ್ಡು ಕೊಡುವ ರೀತಿ. ಅದು ಯಾಕೆ ಅಂತ ಗೊತ್ತಾಗಬೇಕಾದರೆ ಕೆಚ್ಚಲು ಹೇಗೆ ಬೆಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಅಪ್ಪಣೆ ಯಾರದು, ಕೆಲಸ ಯಾರದು

ಹಸು ಎಷ್ಟು ಹಾಲು ಕೊಡುತ್ತದೆ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ. ಕೆಚ್ಚಲಿನಲ್ಲಿ ಹಾಲು ಮಾಡುವ ಜೀವಕೋಶಗಳು ಎಷ್ಟಿವೆ? ಒಂದೊಂದು ಕೋಶ ಎಷ್ಟು ದುಡಿಯುತ್ತದೆ? ಒಳ್ಳೆಯ ಮೇವು, ಹಿಂಡಿ, ನೀರು, ನೆರಳು ಇವೆಲ್ಲ ಎರಡನೆಯದಕ್ಕೆ ನೆರವಾಗುತ್ತವೆ. ಮೊದಲನೆಯದು ಮಾತ್ರ ಬಹುಪಾಲು ಮೊದಲ ಕರು ಹಾಕುವಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ಮುಂದಿನ ಸೂಲುಗಳಲ್ಲಿ ಇನ್ನಷ್ಟು ಕೋಶಗಳು ಸೇರುವುದು ನಿಜ. ಆದರೆ ಬುನಾದಿ ಬಿದ್ದಿರುವುದು ಅದು ಕರುವಾಗಿದ್ದಾಗ.

ಹುಟ್ಟಿದ ಕರುವಿಗೆ ನಾಲ್ಕು ಮೊಲೆತೊಟ್ಟು ಇರುತ್ತವೆ. ಅವುಗಳ ಮೇಲೆ ಹಾಲು ನಿಲ್ಲುವ ಪುಟ್ಟ ಜಾಗ, ಅಲ್ಲಿಂದ ಹೊರಟ ಚೂರುಪಾರು ನಾಳಗಳು, ಸುತ್ತ ಕೊಬ್ಬಿನ ದಿಂಡು. ಅಷ್ಟೇ. ಮುಂದೆ ನಾಳಗಳು ಕವಲೊಡೆದು ಈ ಕೊಬ್ಬಿನೊಳಕ್ಕೆ ನುಗ್ಗಬೇಕು. 1969ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಿನ್ಹಾ ಮತ್ತು ಟಕರ್ ಹೋಲ್‌ಸ್ಟೀನ್ ತಳಿಯ ಕಡಸುಗಳ ಕೆಚ್ಚಲಿನ ಡಿಎನ್‌ಎ ಅಳೆದರು. ಡಿಎನ್‌ಎ ಎಷ್ಟಿದೆ ಅಂತ ನೋಡಿದರೆ ಕೋಶಗಳು ಎಷ್ಟಿವೆ ಎಂಬ ಅಂದಾಜು ಸಿಗುತ್ತದೆ. ಮೂರನೇ ತಿಂಗಳಿಂದ ಒಂಬತ್ತನೇ ತಿಂಗಳವರೆಗೆ ಕೆಚ್ಚಲು ಮೈಗಿಂತ ಸುಮಾರು ಮೂರೂವರೆ ಪಟ್ಟು ವೇಗದಲ್ಲಿ ಬೆಳೆಯುತ್ತದೆ ಎಂದು ಅವರು ಕಂಡರು. ಬೆದೆಗೆ ಬಂದು ಕೆಲವು ಸುತ್ತು ಕಳೆದ ಮೇಲೆ ಈ ಓಟ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಆರು ತಿಂಗಳ ಕಡಸಿನ ಕೆಚ್ಚಲು ನೋಡಿ ಯಾರೂ ಏನೂ ಹೇಳಲಾರರು.

ಈ ಬೆಳವಣಿಗೆಗೆ ಅಪ್ಪಣೆ ಕೊಡುವುದು ಅಂಡಾಶಯ. ಎಳೆಯ ಕರುವಿನ ಅಂಡಾಶಯ ತೆಗೆದುಬಿಟ್ಟರೆ ಕೆಚ್ಚಲು ಅಲ್ಲಿಗೇ ನಿಂತುಹೋಗುತ್ತದೆ. ಅಂದರೆ ಅಂಡಾಶಯ ಬಿಡುವ ಈಸ್ಟ್ರೋಜೆನ್ ಹಾರ್ಮೋನ್ ಬೇಕೇ ಬೇಕು. ಇಲ್ಲೊಂದು ವಿಚಿತ್ರ ಇದೆ. ನಾಳದ ಒಳಗೋಡೆಯಲ್ಲಿ ಕೆಲವು ಕೋಶಗಳಿಗೆ ಮಾತ್ರ ಈಸ್ಟ್ರೋಜೆನ್ ಗುರುತಿಸುವ ಶಕ್ತಿ ಇದೆ. ಈಸ್ಟ್ರೋಜೆನ್ ಬಂದಾಗ ಅವೇ ಒಡೆದು ಎರಡಾಗಬೇಕಲ್ಲವೇ? ಹಾಗಾಗುವುದಿಲ್ಲ. ಎರಡಾಗುವುದು ಪಕ್ಕದ ಕೋಶಗಳು, ಈಸ್ಟ್ರೋಜೆನ್ ಅಂದರೆ ಏನೆಂದೇ ಗೊತ್ತಿಲ್ಲದ ಕೋಶಗಳು. ನಡುವೆ ಸುದ್ದಿ ಮುಟ್ಟಿಸುವ ಬೇರೆ ಯಾರೋ ಇರಲೇಬೇಕು. ಅವೇ ಗ್ರೋತ್ ಫ್ಯಾಕ್ಟರ್‌ಗಳು. ಕೋಶಗಳು ಹೊರಗೆ ಬಿಡುವ, ನೆರೆಯ ಕೋಶಕ್ಕೆ ಬೆಳೆ, ನಿಲ್ಲು, ಬದುಕು, ಸಾಯಿ ಎಂದು ತಿಳಿಸುವ ಸಣ್ಣ ಪ್ರೋಟೀನುಗಳು ಇವು.

ಹಸುವಿನ ಕೆಚ್ಚಲಿನ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದದ್ದು ಐಜಿಎಫ್-1. ಗ್ರೋತ್ ಹಾರ್ಮೋನ್ ಮೂಳೆಯನ್ನು ತಾನೇ ನೇರವಾಗಿ ಬೆಳೆಸುವುದಿಲ್ಲ, ನಡುವೆ ರಕ್ತದಲ್ಲಿ ಇನ್ನೊಂದು ವಸ್ತು ಕೆಲಸ ಮಾಡುತ್ತದೆ ಎಂದು 1957ರಲ್ಲಿ ಸಾಲ್ಮನ್ ಮತ್ತು ಡಾಹಡೇ ತೋರಿಸಿದ್ದರು. ಆ ವಸ್ತುವಿಗೇ ಮುಂದೆ ಐಜಿಎಫ್ ಎಂಬ ಹೆಸರು ಬಂತು. ಕೆಚ್ಚಲಲ್ಲೂ ಕಥೆ ಹೆಚ್ಚುಕಡಿಮೆ ಹಾಗೆಯೇ. ಗ್ರೋತ್ ಹಾರ್ಮೋನ್ ಇದ್ದರೆ ಕೆಚ್ಚಲು ಬೆಳೆಯುತ್ತದೆ, ಆದರೆ ಹಾಲಿನ ಕೋಶಗಳು ಅದರ ಮಾತನ್ನು ನೇರವಾಗಿ ಕೇಳುವುದು ಕಡಿಮೆ. ಅದು ಯಕೃತ್ತಿಗೆ ಹೇಳುತ್ತದೆ, ಯಕೃತ್ತು ಐಜಿಎಫ್-1 ಮಾಡಿ ರಕ್ತಕ್ಕೆ ಬಿಡುತ್ತದೆ. ಕೆಚ್ಚಲಿನ ಕೊಬ್ಬಿನ ದಿಂಡು ಕೂಡ ಸುಮ್ನೆ ಕೂತಿರುವುದಿಲ್ಲ. ಅಲ್ಲೇ ಐಜಿಎಫ್-1 ತಯಾರಾಗುತ್ತದೆ. ಈಸ್ಟ್ರೋಜೆನ್ ಅದನ್ನು ಹೆಚ್ಚಿಸುತ್ತದೆ.

ಅದೊಂದೇ ಅಲ್ಲ. ಇಜಿಎಫ್ ಎಂಬ ಇನ್ನೊಂದು ಕುಟುಂಬ ಇದೆ. ಇದನ್ನು ಕಂಡುಹಿಡಿದವರು ಸ್ಟ್ಯಾನ್ಲಿ ಕೋಹೆನ್. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ಹೊತ್ತಿಗೆ ಮೊದಲೇ ಕಣ್ಣು ಬಿಟ್ಟವು. ಆ ಸುಳಿವು ಹಿಡಿದು ಹೊರಟವರಿಗೆ 1986ರಲ್ಲಿ ರೀಟಾ ಲೆವಿ-ಮೊಂಟಲ್ಚಿನಿ ಜೊತೆ ನೊಬೆಲ್ ಬಂತು. ಇದೇ ಕುಟುಂಬದ ಟಿಜಿಎಫ್-ಆಲ್ಫಾ ಹಸುವಿನ ಕೆಚ್ಚಲಲ್ಲಿ ಕೋಶ ಹೆಚ್ಚಿಸುವ ಕಡೆಗೆ ನಿಲ್ಲುತ್ತದೆ. ಎಫ್‌ಜಿಎಫ್ ಎಂಬ ಮತ್ತೊಂದು ಕುಟುಂಬದ ಗ್ರೋತ್ ಫ್ಯಾಕ್ಟರ್‌ಗಳು ಸುತ್ತಲಿನ ಅಂಗಾಂಶದಿಂದ ನಾಳಗಳಿಗೆ ಸೂಚನೆ ಕೊಡುತ್ತವೆ.

ಹೆಸರಿನಲ್ಲಿ ಹತ್ತಿರ, ಕೆಲಸದಲ್ಲಿ ತೀರಾ ಉಲ್ಟಾ ಇರುವುದು ಟಿಜಿಎಫ್-ಬೀಟಾ. ಅದು ಬ್ರೇಕು. ಬೆಳವಣಿಗೆಗೆ ಬ್ರೇಕ್ ಯಾಕೆ ಬೇಕು ಅಂದರೆ, ನಾಳಗಳು ಒಂದರ ಮೇಲೊಂದು ಒತ್ತೊತ್ತಾಗಿ ಬೆಳೆದರೆ ಮುಂದೆ ಹಾಲಿನ ಗೂಡುಗಳಿಗೆ ಜಾಗ ಇರುವುದಿಲ್ಲ. ನಡುವೆ ಖಾಲಿ ಬಿಡಬೇಕು. ಹಸುವನ್ನು ಬತ್ತಿಸುವಾಗಲೂ ಇದರ ಪ್ರಮಾಣ ಏರುತ್ತದೆ. ಕೆಲಸ ಮುಗಿದ ಕೋಶಗಳು ತಾವಾಗಿ ಸಾಯುವುದರಲ್ಲಿ ಇದರ ಕೈವಾಡ ಇದೆ. ಕರು ಹಾಕುವ ಮುಂಚೆ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಿ ಅನ್ನುತ್ತಾರಲ್ಲ, ಆಗ ಹಳೆಯ ಕೋಶಗಳು ಹೋಗಿ ಹೊಸವು ಬರುತ್ತವೆ. ಕೊನೇ ದಿನದವರೆಗೂ ಕರೆದರೆ ಮುಂದಿನ ಸೂಲಿನಲ್ಲಿ ಹಾಲು ಇಳಿಯುತ್ತದೆ.

ತಿನ್ನಿಸಿದರೂ ಕಷ್ಟ, ತಿನ್ನಿಸದಿದ್ದರೂ ಕಷ್ಟ

ಐಜಿಎಫ್-1 ಕೆಚ್ಚಲು ಬೆಳೆಸುತ್ತದೆ. ಚೆನ್ನಾಗಿ ತಿಂದ ಪ್ರಾಣಿಯ ರಕ್ತದಲ್ಲಿ ಐಜಿಎಫ್-1 ಜಾಸ್ತಿ ಇರುತ್ತದೆ. ಹಾಗಾದರೆ ಕಡಸಿಗೆ ಹೊಟ್ಟೆ ತುಂಬ ಹಿಂಡಿ ಹಾಕಿದರೆ ಕೆಚ್ಚಲು ಚೆನ್ನಾಗಿ ಬರಬೇಕು, ಅಲ್ವಾ? 1982ರಲ್ಲಿ ಡೆನ್ಮಾರ್ಕಿನ ಸೈರ್‌ಸನ್ ಮತ್ತು ಅವರ ಅಮೆರಿಕದ ಜೊತೆಗಾರರು ಪ್ರಕಟಿಸಿದ ಕೆಲಸ ಇದನ್ನು ತಲೆಕೆಳಗು ಮಾಡಿತು. ಬೆದೆಗೆ ಬರುವ ಮುಂಚೆ ಅತಿಯಾಗಿ ತಿನ್ನಿಸಿದ ಕಡಸುಗಳ ಕೆಚ್ಚಲಲ್ಲಿ ಕೊಬ್ಬು ಹೆಚ್ಚು, ಹಾಲಿನ ಅಂಗಾಂಶ ಕಡಿಮೆ ಇತ್ತು. ಬೆದೆಗೆ ಬಂದಾದ ಮೇಲೆ ತಿನ್ನಿಸಿದರೆ ಅಂಥ ತೊಂದರೆ ಇರಲಿಲ್ಲ.

ಇದಕ್ಕೆ ಒಂದು ವಿವರಣೆ ಐಜಿಎಫ್ ಅನ್ನು ಹಿಡಿದಿಡುವ ಪ್ರೋಟೀನುಗಳಲ್ಲಿದೆ. ರಕ್ತದಲ್ಲಿರುವ ಐಜಿಎಫ್-1ರ ಬಹುಪಾಲು ಬಿಡಿಯಾಗಿ ಓಡಾಡುವುದಿಲ್ಲ, ಈ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಎಫ್‌ಡಿಯಲ್ಲಿಟ್ಟ ದುಡ್ಡಿನ ಹಾಗೆ: ಲೆಕ್ಕದಲ್ಲಿ ಇದೆ, ಸಂತೆಯಲ್ಲಿ ಖರ್ಚಿಗೆ ಆಗುವುದಿಲ್ಲ. ಕೆಚ್ಚಲಿನ ಅಂಗಾಂಶದಲ್ಲೂ ಅಂಥ ಪ್ರೋಟೀನುಗಳಿವೆ. ರಕ್ತದಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ಕೋಶದ ಬಾಗಿಲಲ್ಲಿ ಬಿಡಿಯಾಗಿ ಎಷ್ಟು ಸಿಗುತ್ತದೆ, ಕೋಶ ಅದಕ್ಕೆ ಎಷ್ಟು ಓಗೊಡುತ್ತದೆ ಅನ್ನುವುದು ಮುಖ್ಯ.

ಇನ್ನೊಂದು ವಿವರಣೆ ಕಾರ್ನೆಲ್ ವಿಶ್ವವಿದ್ಯಾಲಯದಿಂದ 2006ರಲ್ಲಿ ಬಂತು. ಅದು ತುಂಬ ಸರಳ. ಚೆನ್ನಾಗಿ ತಿಂದ ಕಡಸು ಬೇಗ ಬೆದೆಗೆ ಬರುತ್ತದೆ. ಬೇಗ ಬೆದೆಗೆ ಬಂದರೆ ಕೆಚ್ಚಲಿನ ಓಟಕ್ಕೆ ಸಿಗುವ ದಿನಗಳೇ ಕಡಿಮೆ. ದಿನಕ್ಕಿಷ್ಟು ಎಂಬ ವೇಗದಲ್ಲಿ ಕೊರತೆ ಇಲ್ಲ, ದಿನಗಳಲ್ಲಿ ಕೊರತೆ. ನನಗೆ ಈ ಎರಡನೆಯದೇ ಹೆಚ್ಚು ಒಪ್ಪಿಗೆಯಾಗುತ್ತದೆ, ಯಾಕೆಂದರೆ ಅದಕ್ಕೆ ಕೆಚ್ಚಲಿನೊಳಗೆ ವಿಶೇಷ ಏನೂ ಕೆಡಬೇಕಾಗಿಲ್ಲ.

ಅದೇನೇ ಇರಲಿ, ಈ ಜಗಳ ಕೇಳಿ ನಮ್ಮ ಕಡಸಿಗೆ ಮೇವು ಕಡಿಮೆ ಮಾಡುವ ಅಗತ್ಯ ಯಾರಿಗೂ ಇಲ್ಲ. ಒಂದಿಷ್ಟು ದೊಡ್ಡ ಫಾರ್ಮುಗಳನ್ನು ಬಿಟ್ಟರೆ ಕಡಸು ಕೊಬ್ಬಿ ಕೆಟ್ಟದ್ದು ಇಲ್ಲಿ ಅಪರೂಪ. ಅಮೆರಿಕದಲ್ಲಿ ಮೊದಲ ಕರುವಿಗೆ ಎರಡು ವರ್ಷ ಗುರಿ. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಕಡಸುಗಳು ಎರಡೂವರೆ, ಮೂರು ವರ್ಷಕ್ಕೆ ಕರು ಹಾಕಿದರೆ ಬೇಗ ಆಯಿತು ಅನ್ನುವ ಪರಿಸ್ಥಿತಿ. ನಾಟಿ ಹಸುಗಳಲ್ಲಿ ಇನ್ನೂ ತಡ. ನಮ್ಮದು ಹಸಿವಿನ ಸಮಸ್ಯೆ, ಅದೂ ಮೊದಲ ಎರಡು ತಿಂಗಳಿನ ಹಸಿವು.

ಈ ಎರಡು ತಿಂಗಳ ಬಗ್ಗೆ ತಿಳಿವಳಿಕೆ ಇತ್ತೀಚೆಗೆ ಬದಲಾಗಿದೆ. ಹಾಲು ಕುಡಿಯುವ ವಯಸ್ಸಿನಲ್ಲಿ ಕೆಚ್ಚಲಲ್ಲಿ ವಿಶೇಷ ಏನೂ ನಡೆಯುವುದಿಲ್ಲ, ಅದು ಮೈ ಜೊತೆ ಸುಮ್ನೆ ಬೆಳೆಯುತ್ತದೆ ಎಂದೇ ಬಹಳ ಕಾಲ ನಂಬಿದ್ದರು. ವರ್ಜೀನಿಯಾ ಟೆಕ್‌ನ ಏಕರ್ಸ್ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆ ಹೇಳಿತು. ಎರಡು ಗುಂಪು ಹೆಣ್ಣುಗರು. ಒಂದಕ್ಕೆ ಎಂಟು ವಾರ ಧಾರಾಳವಾಗಿ ಹಾಲಿನ ಪುಡಿಯ ಆಹಾರ, ಇನ್ನೊಂದಕ್ಕೆ ಅಳತೆ ಮಾಡಿ ಕಡಿಮೆ. ಧಾರಾಳವಾಗಿ ಕುಡಿದ ಗುಂಪಿನಲ್ಲಿ ಕೆಚ್ಚಲಿನ ನಿಜವಾದ ಅಂಗಾಂಶ ಹಲವು ಪಟ್ಟು ಜಾಸ್ತಿ ಇತ್ತು. ಆಮೇಲೆ ಈಸ್ಟ್ರೋಜೆನ್ ಕೊಟ್ಟು ನೋಡಿದಾಗ ಅದಕ್ಕೆ ಹೆಚ್ಚು ಸ್ಪಂದಿಸಿದ್ದೂ ಅದೇ ಗುಂಪು. ಕೊಬ್ಬು ಹೆಚ್ಚಾಗಿ ಕೆಡುವ ವಯಸ್ಸು ಬೇರೆ, ಇದು ಬೇರೆ. ಈ ವಯಸ್ಸಿನಲ್ಲಿ ತಿನ್ನಿಸಿದಷ್ಟೂ ಲಾಭ.

ಕಾರ್ನೆಲ್‌ನ ಸೊಬೆರಾನ್ ಮತ್ತು ವ್ಯಾನ್ ಆಂಬರ್ಗ್ ಇದನ್ನು ಹಾಲಿನ ಲೆಕ್ಕಕ್ಕೆ ತಂದರು. 1,244 ಹಸುಗಳ ದಾಖಲೆ ಇಟ್ಟುಕೊಂಡು 2012ರಲ್ಲಿ ಅವರು ಹೇಳಿದ್ದು ಹೀಗೆ: ಹಾಲು ಬಿಡಿಸುವ ಮುಂಚೆ ಕರು ದಿನಕ್ಕೆ ಒಂದು ಕೆಜಿ ಹೆಚ್ಚು ತೂಕ ಹಾಕುವ ಲೆಕ್ಕದಲ್ಲಿ ಬೆಳೆದರೆ ಮೊದಲ ಸೂಲಿನಲ್ಲಿ ಸುಮಾರು 850 ಕೆಜಿ ಹಾಲು ಹೆಚ್ಚು. ಎಲ್ಲ ಅಧ್ಯಯನಗಳೂ ಇಷ್ಟು ಚೊಕ್ಕವಾಗಿ ಹೇಳುವುದಿಲ್ಲ, ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಕರುವಿನ ಬೆಳವಣಿಗೆಯಲ್ಲದೆ ಹಾಲನ್ನು ನಿರ್ಧರಿಸುವ ಸಂಗತಿಗಳು ಹತ್ತಾರಿವೆ. ಆದರೂ ಒಟ್ಟು ಸಾಕ್ಷ್ಯ ವಾಲುವುದು ಒಂದೇ ಕಡೆಗೆ.

ಗಿಣ್ಣಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗಿಣ್ಣುಹಾಲಿನಲ್ಲಿ ರೋಗ ತಡೆಯುವ ಅಂಶ ಇದೆ ಅಂತ ಎಲ್ಲರಿಗೂ ಗೊತ್ತು. ಐಜಿಎಫ್-1 ಕೂಡ ಮಾಮೂಲಿ ಹಾಲಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಅದು ನೇರ ಕೆಚ್ಚಲಿಗೆ ಹೋಗಿ ಕೂರುತ್ತದೆ ಎಂದುಕೊಳ್ಳಬಾರದು. ಮುಖ್ಯವಾಗಿ ಕರುಳು ಬಲಿಯಲು ಅದು ಸಹಾಯ ಮಾಡುತ್ತದೆ. ಕರುಳು ಗಟ್ಟಿಯಾದರೆ ಕುಡಿದದ್ದು ಮೈಗೆ ಹತ್ತುತ್ತದೆ. 2005ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ, ಹುಟ್ಟಿದ ಕೂಡಲೇ ಎರಡು ಲೀಟರ್ ಬದಲು ನಾಲ್ಕು ಲೀಟರ್ ಗಿಣ್ಣುಹಾಲು ಕುಡಿದ ಬ್ರೌನ್ ಸ್ವಿಸ್ ಕರುಗಳು ಮುಂದೆ ಮೊದಲೆರಡು ಸೂಲುಗಳಲ್ಲಿ ಹೆಚ್ಚು ಹಾಲು ಕೊಟ್ಟವು. ಬೆಲ್ಲ, ಏಲಕ್ಕಿ ಹಾಕಿ ಮಾಡಿದ ಗಿಣ್ಣು ನನಗೂ ಇಷ್ಟವೇ. ಮಿಶ್ರತಳಿ ಹಸುವಿನಲ್ಲಿ ಕರುವಿಗೆ ಕೊಟ್ಟು ಮಿಗುವಷ್ಟು ಬರುತ್ತದೆ. ಮೊದಲ ಒಂದೆರಡು ಗಂಟೆಯೊಳಗೆ ಕರು ಹೊಟ್ಟೆ ತುಂಬ ಕುಡಿಯಲಿ, ಪಕ್ಕದ ಮನೆಗೆ ಪಾತ್ರೆ ಆಮೇಲೆ ಹೋಗಲಿ.

ಅಡ್ಡದಾರಿಗಳು

ಗ್ರೋತ್ ಹಾರ್ಮೋನ್, ಐಜಿಎಫ್ ಬಗ್ಗೆ ಓದಿದವರು ಇಂಜೆಕ್ಷನ್ ಕೊಟ್ಟರೆ ಆಯಿತಲ್ಲ ಎಂದು ಕೇಳುತ್ತಾರೆ. ಕೊಟ್ಟು ನೋಡಿಯೂ ಆಗಿದೆ. ಮೊನ್ಸಾಂಟೊ ಕಂಪನಿಯ ಪೊಸಿಲ್ಯಾಕ್‌ಗೆ ಅಮೆರಿಕ 1993ರಲ್ಲಿ ಒಪ್ಪಿಗೆ ಕೊಟ್ಟಿತು, 1994ರಲ್ಲಿ ಮಾರಾಟ ಶುರುವಾಯಿತು. ಅದು ಕರೆಯುವ ಹಸುವಿಗೆ ಕೊಡುವ ಗ್ರೋತ್ ಹಾರ್ಮೋನ್. ಹಾಲು ಏರಿತು. ಅದರ ಜೊತೆ ಕೆಚ್ಚಲುಬಾವು, ಕಾಲುನೋವು ಕೂಡ ಹೆಚ್ಚುತ್ತವೆ ಎಂದು ಕೆನಡಾ 1999ರಲ್ಲಿ ಅನುಮತಿ ನಿರಾಕರಿಸಿತು. ಯುರೋಪ್ ಒಕ್ಕೂಟವೂ ನಿಷೇಧಿಸಿತು.

ನಮ್ಮಲ್ಲಿ ದುರ್ಬಳಕೆ ಆಗುವುದು ಬೇರೆ ಔಷಧಿ, ಆಕ್ಸಿಟೋಸಿನ್. ಅದು ಒಂದು ಹೊಸ ಕೋಶವನ್ನೂ ಹುಟ್ಟಿಸುವುದಿಲ್ಲ. ಹಾಲಿನ ಗೂಡಿನ ಸುತ್ತ ಇರುವ ಸ್ನಾಯುವಿನಂಥ ಕೋಶಗಳನ್ನು ಹಿಂಡಿ, ಆಗಲೇ ತಯಾರಾದ ಹಾಲನ್ನು ಕೆಳಗೆ ಇಳಿಸುತ್ತದೆ ಅಷ್ಟೇ. ಕರು ಬಂದು ಮೂತಿಯಿಂದ ಗುದ್ದಿದರೆ ಹಸುವಿನ ಮೈಯಲ್ಲೇ ಅದು ಹುಟ್ಟುತ್ತದೆ. ಕರು ಸತ್ತಿರುವ, ಅಥವಾ ದೂರ ಕಟ್ಟಿರುವ ಕೊಟ್ಟಿಗೆಯಲ್ಲೇ ಸೂಜಿ ಜಾಸ್ತಿ ಓಡಾಡುವುದು. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರು ಇದನ್ನು ತಯಾರಿಸಬಾರದು, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಮಾತ್ರ ತಯಾರಿಸಲಿ ಎಂದಿತು. ಹೆರಿಗೆಯ ಬಳಿಕ ರಕ್ತಸ್ರಾವ ನಿಲ್ಲಿಸಲು ತಾಯಂದಿರಿಗೆ ಬೇಕಾದ ಔಷಧಿ ಅದು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು.

ಲೀಟರ್ ಲೆಕ್ಕ

ಈಗ ದುಡ್ಡಿಗೆ ಬರೋಣ. ಕರ್ನಾಟಕದಲ್ಲಿ ಸಂಘಕ್ಕೆ ಹಾಲು ಹಾಕುವವರಿಗೆ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರುವಾಯಿತು. 2013ರಲ್ಲಿ ಅದು 4 ಆಯಿತು, ಮುಂದೆ 5 ಆಯಿತು. ಒಳ್ಳೆಯ ಯೋಜನೆ. ಲಕ್ಷಾಂತರ ಮನೆಗಳಿಗೆ ಆಸರೆ. ಆದರೆ ಇದು ಸಂಘದ ಕ್ಯಾನಿಗೆ ಬಿದ್ದ ಲೀಟರಿಗೆ ಮಾತ್ರ ಸಿಗುತ್ತದೆ. ಕರು ಕುಡಿದ ಲೀಟರಿಗೆ ಸಿಗುವುದಿಲ್ಲ. ಅಂದರೆ ಪ್ರೋತ್ಸಾಹಧನ ಏರಿದಷ್ಟೂ ಕರುವಿನ ಹಾಲು ಹೆಚ್ಚು ದುಬಾರಿಯಾಗುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ 4 ರೂಪಾಯಿ ಏರಿಸಿ ಅದನ್ನು ರೈತರಿಗೆ ಕೊಡುವುದಾಗಿ ಹೇಳಿದಾಗಲೂ ಹೀಗೇ ಆಯಿತು. ರೈತರಿಗೆ ಸಿಕ್ಕಿತು ಎಂದು ಸಂತೋಷಪಡುವಾಗ, ಕೊಟ್ಟಿಗೆಯ ಮೂಲೆಯಲ್ಲಿರುವ ಕರುವಿಗೆ ಅದು ಬೆಲೆ ಏರಿಕೆ ಎಂದು ಯಾರೂ ಯೋಚಿಸುವುದಿಲ್ಲ.

ಒಂದು ಒರಟು ಲೆಕ್ಕ ಹಾಕಿ ನೋಡೋಣ. ರೈತರಿಗೆ ಪ್ರೋತ್ಸಾಹಧನವೂ ಸೇರಿ ಲೀಟರಿಗೆ 40 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹೆಣ್ಣುಗರುವಿಗೆ ಈಗ ಕೊಡುವುದಕ್ಕಿಂತ ದಿನಕ್ಕೆ 2 ಲೀಟರ್ ಹೆಚ್ಚಿಗೆ, 60 ದಿನ ಕೊಟ್ಟರೆ 120 ಲೀಟರ್. ಖರ್ಚು 4,800 ರೂಪಾಯಿ. ಇದರಿಂದ ಕರು ದಿನಕ್ಕೆ ಕಾಲು ಕೆಜಿ ಹೆಚ್ಚು ಬೆಳೆಯಿತು ಅನ್ನೋಣ. ಕಾರ್ನೆಲ್ ಲೆಕ್ಕದಲ್ಲಿ ಮೊದಲ ಸೂಲಿಗೆ ಸುಮಾರು 210 ಲೀಟರ್ ಹೆಚ್ಚು, ಅಂದರೆ 8,400 ರೂಪಾಯಿ. ಆದರೆ ಅಲ್ಲಿಯ ಹಸುಗಳು ನಮ್ಮವಕ್ಕಿಂತ ಎರಡು ಮೂರು ಪಟ್ಟು ಹಾಲು ಕರೆಯುವಂಥವು. ಅರ್ಧ ಮಾಡಿದರೆ 4,200. ಮೊದಲ ಸೂಲಿನಲ್ಲಿ ಹಾಕಿದ ದುಡ್ಡೂ ಪೂರ್ತಿ ವಾಪಸ್ಸಿಲ್ಲ. ಲಾಭ ಕಾಣಬೇಕಾದರೆ ಮುಂದಿನ ಸೂಲುಗಳನ್ನೂ, ಕಡಸು ನಾಲ್ಕಾರು ತಿಂಗಳು ಬೇಗ ಗಬ್ಬ ಕಟ್ಟುವುದನ್ನೂ, ಕರು ಸಾಯದೆ ಉಳಿಯುವುದನ್ನೂ ಸೇರಿಸಬೇಕು. ಸೇರಿಸಿದರೆ ಲಾಭ ಖಂಡಿತ ಇದೆ. ಆದರೆ ಖರ್ಚು ಈ ವಾರದ ಬಟವಾಡೆಯಲ್ಲೇ ಕಡಿತವಾಗುತ್ತದೆ, ಆದಾಯ ಬರುವುದು ಎರಡೂವರೆ ವರ್ಷದ ನಂತರ. ಎರಡು ಹಸು ಇಟ್ಟುಕೊಂಡು ಅದರಲ್ಲೇ ಸಂಸಾರ ನಡೆಸುವವರು ಯಾವುದನ್ನು ಆರಿಸುತ್ತಾರೆ?

ಇನ್ನೂ ಒಂದು ತೊಡಕಿದೆ. ತುಂಬ ಜನ ಕಡಸನ್ನು ತಾವೇ ಕರೆಯುವುದಕ್ಕೆ ಇಟ್ಟುಕೊಳ್ಳುವುದಿಲ್ಲ, ಗಬ್ಬದ ಕಡಸೆಂದು ಮಾರುತ್ತಾರೆ. ಕೊಳ್ಳುವವರು ತಳಿ, ಮೈಕಟ್ಟು, ತಾಯಿ ಎಷ್ಟು ಕರೆಯುತ್ತಿತ್ತು ಎಂದು ಕೇಳುತ್ತಾರೆ. ಎರಡು ತಿಂಗಳ ಕರುವಾಗಿದ್ದಾಗ ಎಷ್ಟು ಹಾಲು ಕುಡಿದಿತ್ತು ಎಂದು ಯಾರು ಕೇಳುತ್ತಾರೆ? ಸಾಕಿದವರು ಹಾಕಿದ ಹಾಲಿನ ಫಲ ಕೊಂಡವರ ಪಾಲಾಗುತ್ತದೆ.

ಹಾಗಾಗಿ ಸಲಹೆ, ತರಬೇತಿ, ಕರಪತ್ರಗಳಿಂದ ಹೆಚ್ಚೇನೂ ಆಗದು. ದುಡ್ಡು ಬೇರೆ ಜಾಗಕ್ಕೆ ಹೋಗಬೇಕು. ಅದಕ್ಕೆ ಬೇಕಾದ ವ್ಯವಸ್ಥೆ ಈಗಲೇ ಇದೆ. ಜಾನುವಾರುಗಳ ಕಿವಿಗೆ 12 ಅಂಕಿಯ ಓಲೆ ಹಾಕಲಾಗುತ್ತಿದೆ, ಕೃತಕ ಗರ್ಭಧಾರಣೆ ದಾಖಲಾಗುತ್ತದೆ. ಹೆಣ್ಣುಗರು ಹುಟ್ಟಿದಾಗ ಒಮ್ಮೆ, ಎರಡು ತಿಂಗಳು ತುಂಬಿದಾಗ ಒಮ್ಮೆ ಎದೆಯ ಸುತ್ತಳತೆ, ಮೈಯ ಉದ್ದ ಅಳೆದರೆ ಸಾಕು. ಇಂಚಿನಲ್ಲಿ ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಕೆಜಿಯಲ್ಲಿ ಅಂದಾಜು ತೂಕ ಸಿಗುತ್ತದೆ. ತೂಕ ದುಪ್ಪಟ್ಟಾದ ಕರುವಿಗೆ ಒಂದಿಷ್ಟು ಸಾವಿರ ಎಂದು ಸಂಘದ ಖಾತೆಗೇ ಹಾಕಬಹುದು. ಮಾರುವಾಗ ಆ ದಾಖಲೆ ಕಡಸಿನ ಜೊತೆ ಹೋದರೆ ಕೊಳ್ಳುವವರಿಗೂ ನೋಡಲು ಒಂದು ಅಂಕಿ ಸಿಗುತ್ತದೆ.

ಹಾಲು ಒಕ್ಕೂಟಗಳು ಒಪ್ಪುತ್ತವೆಯೇ? ಕರು ಹೆಚ್ಚು ಕುಡಿದರೆ ಅವುಗಳ ಕ್ಯಾನಿಗೆ ಬರುವ ಹಾಲು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಅದು ಕಷ್ಟವೇ. ಆದರೆ ಮಳೆ ಬಿದ್ದು ಹಸಿಮೇವು ಬಂದ ಮೇಲೆ ಇದೇ ಒಕ್ಕೂಟಗಳು ಹಾಲು ಜಾಸ್ತಿಯಾಯಿತೆಂದು ಒದ್ದಾಡುತ್ತವೆ. ಮಿಕ್ಕಿದ್ದನ್ನು ಪುಡಿ ಮಾಡಬೇಕು, ಪುಡಿಗೆ ಬೆಲೆ ಸಿಗದಿದ್ದರೆ ನಷ್ಟ ನುಂಗಬೇಕು. 2013ರಲ್ಲಿ ಶಾಲೆಮಕ್ಕಳಿಗೆ ಕ್ಷೀರಭಾಗ್ಯ ಶುರುವಾದಾಗ ಹೀಗೆ ಮಿಕ್ಕ ಹಾಲಿಗೆ ದಾರಿ ಮಾಡುವ ಉದ್ದೇಶವೂ ಇತ್ತು. ಆ ಮಳೆಗಾಲದ ತಿಂಗಳುಗಳಲ್ಲಿ ಕರು ಕುಡಿಯುವ ಹಾಲಿನಿಂದ ಒಕ್ಕೂಟಕ್ಕೆ ಆಗುವ ನಷ್ಟ ಅಷ್ಟಕ್ಕಷ್ಟೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಟ್ಟುವ ಹೆಣ್ಣುಗರುಗಳಿಗೆ ಮಾತ್ರ, ಒಂದೆರಡು ಒಕ್ಕೂಟಗಳಲ್ಲಿ, ಈ ಲೆಕ್ಕವನ್ನು ಮೊದಲು ನಡೆಸಿ ನೋಡಬಹುದು.